ಕರಿ ಆಯಿಲ್ ಬಿದ್ದ ಗೋಡೆ

ಕೊಯಿಲ
18 ನವೆಂಬರ್ 2024

ಅಣ್ಣನಿಗೆ,

ನಿನ್ನೆ ನಾನು ಹೇಳಿ ಮುಗಿಸುವ ಮೊದಲೇ "ಆಯ್ತು ಆಯ್ತು, ಮೊದಲು ಗೋಡೆ ತೊಳೆಸು" ಎಂದು ನೀನು ಫೋನು ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದ ಆಗದು. ನಮ್ಮ ಮನೆಮಾತು ಅರೆಭಾಷೆಯಲ್ಲಿ ಬರೆಯಲು ಹೊರಟರೆ ಅಮ್ಮನ ದನಿ ಕೇಳಿದಂತಾಗಿ ಸಿಟ್ಟು ಇಳಿಯುತ್ತದೆ. ಅದು ಇಳಿಯುವುದು ಸದ್ಯ ನನಗೆ ಬೇಡ. ಶಾಲೆಯ ಕನ್ನಡದಲ್ಲೇ ಬರೆಯುತ್ತೇನೆ.

ಶನಿವಾರ ಬೆಳಿಗ್ಗೆ ಹಾಲು ತರಲೆಂದು ಬಾಗಿಲು ತೆಗೆದೆ. ಹೊರಗಿನ ಚಿಲಕ ಕೈಗೆ ಅಂಟಿತು. ಹೊರಗೆ ಬಂದು ನೋಡಿದರೆ ಮನೆಯ ಮುಂದಿನ ಗೋಡೆ ಎದೆಯೆತ್ತರಕ್ಕೆ ಕಪ್ಪು. ಗಾಡಿಗಳ ಎಂಜಿನ್ನಿನಿಂದ ತೆಗೆಯುವ ಸುಟ್ಟ ಎಣ್ಣೆ, ಕರಿ ಆಯಿಲ್. ಬಕೆಟಿನಲ್ಲಿ ಎರಚಿದ್ದಾರೆ. ಕಿಟಕಿಯ ಕೆಳಗೆ ಬಿಟ್ಟ ಜಾಗದಲ್ಲಿ ಅದೇ ಎಣ್ಣೆಯಿಂದ ಬ್ರಶ್ಶಿನಲ್ಲಿ ಬರೆದಿದ್ದಾರೆ: "ಹೇಳು ಇನ್ನು ಸಾಕ್ಷಿ."

ಯಾವ ಸಾಕ್ಷಿ ಎಂದು ನಿನಗೆ ಗೊತ್ತುಂಟು. ನನ್ನ ಒಂಬತ್ತನೆಯ ತರಗತಿಯ ಹುಡುಗಿ ತೃಷಾಳಿಗೆ ಶಾಲೆಯ ತಿರುವಿನಲ್ಲಿ ಕೆಂಪುಕಲ್ಲು ಸಾಗಿಸುವ ಟಿಪ್ಪರ್ ಲಾರಿ ಬಡಿಯಿತು. ಕಾಲು ಮುರಿಯಿತು. ಚಾಲಕ ನಿಲ್ಲಿಸದೆ ಹೋದ. ನಾನು ಗೇಟಿನಲ್ಲಿದ್ದೆ, ನಂಬರು ನೋಡಿದೆ, ಠಾಣೆಯಲ್ಲಿ ಹೇಳಿದೆ. ಈಗ ಆ ಟಿಪ್ಪರಿನ ಧಣಿಯ ಎರಡು ಗಾಡಿಗಳನ್ನು ಪೊಲೀಸರು ಹಿಡಿದು ಠಾಣೆಯ ಎದುರು ನಿಲ್ಲಿಸಿದ್ದಾರೆ.

ಈ ಮನೆ ನಾನು ನನ್ನ ಸಂಬಳದಲ್ಲಿ ಕಟ್ಟಿಸಿದ್ದು. ಕಲ್ಲಿನ ಬಣ್ಣ ಕಾಣಲಿ ಎಂದು ಗಾರೆ ಮಾಡಿಸಲಿಲ್ಲ. ಕೆಂಪುಕಲ್ಲಿನ ಮೈಯೆಲ್ಲ ತೂತು. ಒಂದೊಂದು ತೂತೂ ಎಣ್ಣೆ ಕುಡಿದು ಕುಳಿತಿದೆ. ನಾನು ಇದನ್ನೆಲ್ಲ ಹೇಳುತ್ತಿರುವಾಗ ನೀನು ಒಮ್ಮೆಯಾದರೂ "ನಿನಗೇನೂ ಆಗಲಿಲ್ಲವಲ್ಲ?" ಎಂದು ಕೇಳಲಿಲ್ಲ.

ನನಗೇನೂ ಆಗಲಿಲ್ಲ.

ದಮಯಂತಿ

~

ಮಂಡೆಕೋಲು
22 ನವೆಂಬರ್ 2024

ತಂಗಿ ದಮಯಂತಿಗೆ ಬೋಜಪ್ಪನ ಆಶೀರ್ವಾದ.

ನಿನ್ನ ಪತ್ರ ಬಂತು. ಕೇಳದಿದ್ದದ್ದು ತಪ್ಪು. ಗಾಬರಿಯಲ್ಲಿ ಕೇಳಲಿಲ್ಲ, ಅಷ್ಟೇ. ನಿನ್ನ ಅತ್ತಿಗೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಆದರೆ ಗೋಡೆಯನ್ನು ಹಾಗೆ ಬಿಟ್ಟುಕೊಂಡು ಕೂರುವುದು ಸರಿಯಲ್ಲ. ನಿನ್ನ ಮನೆ ಇರುವುದು ಬಸ್ಸು ಹೋಗುವ ರಸ್ತೆಯ ಬದಿಯಲ್ಲಿ. ಬಸ್ಸಿನಲ್ಲಿ ಕೂತವರೆಲ್ಲ ಓದಿಕೊಂಡು ಹೋಗುತ್ತಾರೆ. ಮೊನ್ನೆ ಸುಳ್ಯದ ಪೇಟೆಯಲ್ಲಿ ಒಬ್ಬ ಕೇಳಿಯೇ ಬಿಟ್ಟ: "ನಿಮ್ಮ ತಂಗಿದು ಎಂತದು ಮಾರಾಯ್ರೆ, ಗೋಡೆಯಲ್ಲಿ ಎಂತದೋ ಬರ್ದಿದ್ದಾರಂತೆ?" ನನ್ನ ತಲೆ ಎಲ್ಲಿಡಬೇಕು?

ಹರ್ಷಿತ್ ಸರ್ವಿಸ್ ಸ್ಟೇಶನ್ನಿನಿಂದ ನೀರಿನ ಮೆಶಿನು ತರುತ್ತಾನೆ. ನನ್ನ ಮಗನೆಂದು ಹೇಳುವುದಲ್ಲ, ಕೆಸರು ಹಿಡಿದ ಲಾರಿಯನ್ನು ಕನ್ನಡಿಯ ಹಾಗೆ ಮಾಡುವ ಹುಡುಗ ಅವನು. ಅರ್ಧ ದಿನದ ಕೆಲಸ. ಯಾವ ಆದಿತ್ಯವಾರ ಬರಬೇಕು ಹೇಳು.

ಪೊಲೀಸರು ಎಂತ ಹೇಳಿದರು ಎಂದೂ ಬರೆ.

ಬೋಜಪ್ಪ

~

ಕೊಯಿಲ
26 ನವೆಂಬರ್ 2024

ಅಣ್ಣನಿಗೆ,

ಗೋಡೆ ತೊಳೆಯುವ ವಿಧಾನ ನನಗೆ ಹೇಳದವರು ಈ ಊರಿನಲ್ಲಿ ಯಾರೂ ಉಳಿದಿಲ್ಲ. ಮೇಸ್ತ್ರಿ ಗ್ರೈಂಡರ್ ಹಿಡಿದು ಕಲ್ಲಿನ ಮುಖ ಉಜ್ಜಿ ತೆಗೆಯುವ ಎನ್ನುತ್ತಾನೆ. ಪುತ್ತೂರಿನ ಪೈಂಟ್ ಅಂಗಡಿಯವನು ಎರಡು ಕೋಟ್ ಹೊಡೆದರೆ ಕಾಣುವುದೇ ಇಲ್ಲ ಎನ್ನುತ್ತಾನೆ. ಶಾಲೆಯಲ್ಲಿ ಒಬ್ಬರು ಆಸಿಡ್ ಎಂದರು. ಪಕ್ಕದ ಮನೆಯ ಯೂಸುಫ್ ಮತ್ತು ಹಸ್ನಾ ಮಾತ್ರ ಏನೂ ಹೇಳದೆ ಒಂದು ಗೋಣಿ ಮರದ ಹುಡಿ ತಂದು ಜಗಲಿಯಲ್ಲಿ ಹರಡಿದರು, ಕಾಲು ಜಾರದಿರಲಿ ಎಂದು.

ಯಾವುದೂ ಸದ್ಯಕ್ಕೆ ಬೇಡ. ಪೊಲೀಸರು ಬಂದು ಫೋಟೋ ತೆಗೆದುಕೊಂಡು ಹೋದರು. ಕಿಟಕಿಯ ಮರದ ಚೌಕಟ್ಟಿನ, ದಾರಂದದ ಮೇಲೆ ಒಂದು ಅಂಗೈ ಗುರುತು ಉಂಟು, ಎಣ್ಣೆಯಲ್ಲಿ ಅದ್ದಿ ಒತ್ತಿದ ಹಾಗೆ ಸ್ಪಷ್ಟವಾಗಿ. ಬೆರಳಚ್ಚಿನವರು ಮಂಗಳೂರಿನಿಂದ ಬರುವವರೆಗೆ ಒಂದು ಹನಿ ನೀರೂ ತಾಗಿಸಬಾರದು ಎಂದಿದ್ದಾರೆ. ಡಿಸೆಂಬರ್ ಮೊದಲ ವಾರ ಬರುತ್ತಾರಂತೆ. ಇದನ್ನು ಬೇರೆ ಯಾರಿಗೂ ಹೇಳಿಲ್ಲ. ನೀನೂ ಹೇಳಬೇಡ.

ಓದುವವರು ಓದಲಿ. ಬರೆದವರಿಗೆ ನಾಚಿಕೆ ಆಗಬೇಕು, ನಾನೇಕೆ ಮುಚ್ಚಿಡಲಿ?

ಹರ್ಷಿತನನ್ನಂತೂ ಕಳಿಸಲೇಬೇಡ. ಅವನು ಕೆಲಸ ಮಾಡುವ ಸರ್ವಿಸ್ ಸ್ಟೇಶನ್ ಅದೇ ಟಿಪ್ಪರಿನ ಧಣಿಯದ್ದಲ್ಲವಾ? ಅತ್ತೆಯ ಗೋಡೆ ತೊಳೆದ ಎಂದು ಗೊತ್ತಾದರೆ ಅವನನ್ನು ಅಲ್ಲಿ ಇಟ್ಟುಕೊಳ್ಳುತ್ತಾರಾ? ನನ್ನ ಜಗಳದಲ್ಲಿ ಆ ಹುಡುಗನ ಕೆಲಸ ಹೋಗುವುದು ಬೇಡ.

ಮುಂದಿನ ವಾರ ನನಗೆ ಪುತ್ತೂರಿನಲ್ಲಿ ತರಬೇತಿ. ಗೆಳತಿ ಶೀಲಾವತಿಯ ಮನೆಯಲ್ಲಿ ಉಳಿಯುತ್ತೇನೆ.

ದಮಯಂತಿ

~

ಮಂಡೆಕೋಲು
28 ನವೆಂಬರ್ 2024

ತಂಗಿಗೆ,

ಸರಿ. ನಿನ್ನಿಷ್ಟ. ಇನ್ನು ನಾನು ಹೇಳುವುದಿಲ್ಲ. ನಿಶ್ಚಿಂತೆಯಿಂದ ತರಬೇತಿ ಮುಗಿಸಿ ಬಾ. ಮನೆಯ ಕೀ ಯೂಸುಫನಲ್ಲಿ ಕೊಟ್ಟು ಹೋಗು, ಯಾವುದಕ್ಕೂ ಒಳ್ಳೆಯದು.

ಬೋಜಪ್ಪ

~

ಕೊಯಿಲ
8 ಡಿಸೆಂಬರ್ 2024

ಬೋಜಪ್ಪನವರಿಗೆ,

ಅಣ್ಣ ಎಂದು ಬರೆಯಲು ಕೈ ಏಳುವುದಿಲ್ಲ.

ತರಬೇತಿ ಮುಗಿಸಿ ಶುಕ್ರವಾರ ಸಂಜೆ ಬಸ್ಸಿನಿಂದ ಇಳಿದರೆ ಯೂಸುಫ್ ರಸ್ತೆಯಲ್ಲೇ ಕಾಯುತ್ತಿದ್ದ. ಮುಖ ಎತ್ತಲಿಲ್ಲ. "ಟೀಚರೇ, ನಿಮ್ಮ ಅಣ್ಣನ ಮಗ ಅಂತ ಕೀ ಕೊಟ್ಟೆ. ಕರೆಂಟು ಬೇಕು, ಮೆಶಿನಿಗೆ ಅಂತ ಹೇಳಿದ. ನಿಮ್ಗೆ ಗೊತ್ತುಂಟು ಅಂತ್ಲೇ ಹೇಳಿದ. ನಾನು ಎಂತ ಮಾಡುದು?"

ಹಸ್ನಾ ಅಂಗಳದಿಂದಲೇ ಕೂಗಿ ಹೇಳಿದಳು: "ಅವ ಮೊದಲು ಗೋಡೆಗೆ ಹಿಡೀಲೇ ಇಲ್ಲ ಟೀಚರೇ. ಸೀದಾ ಹೋಗಿ ಕಿಟಕಿಗೆ ಹಿಡಿದ."

ನಿನ್ನ ಮಗನ ಕೆಲಸ ಹೇಗಾಗಿದೆ ಎಂದು ಹೇಳುತ್ತೇನೆ, ಕೇಳು. ಲಾರಿಯ ತಗಡಿಗೆ ಹಿಡಿಯುವ ನೀರನ್ನು ಕಲ್ಲಿಗೆ ಹಿಡಿದಿದ್ದಾನೆ. ಕಲ್ಲಿನ ಕೆಂಪು ಮುಖ ಸಿಪ್ಪೆಯ ಹಾಗೆ ಎದ್ದು ಬಂದಿದೆ. ಸಂದಿಗೆ ತುಂಬಿಸಿದ್ದ ಸಿಮೆಂಟು ಹಾರಿ ಹೋಗಿದೆ. ಎಣ್ಣೆ ಹೋಗಲಿಲ್ಲ, ಇನ್ನೂ ಒಳಗೆ ಇಳಿಯಿತು. ಮೊದಲು ಕೆಳಗೆ ಮಾತ್ರ ಇದ್ದ ಕಪ್ಪು ಈಗ ಮೇಲೆ ಮಾಡಿನ ಸೂರಿನವರೆಗೆ ಬೂದಿಯ ಬಣ್ಣದಲ್ಲಿ ಹರಡಿದೆ. ಒಳಗಿನ ಗೋಡೆ ಒದ್ದೆ. ಲೈಟು ಹಾಕಿದರೆ ಸ್ವಿಚ್ಚಿನಲ್ಲಿ ಕಿಡಿ ಬರುತ್ತದೆ. ಇಷ್ಟೆಲ್ಲ ಮಾಡಿಯೂ "ಹೇಳು ಇನ್ನು ಸಾಕ್ಷಿ" ಎಂಬುದು ಓದಲು ಬರುತ್ತದೆ. ಹೋದದ್ದು ಒಂದೇ, ದಾರಂದದ ಮೇಲಿದ್ದ ಕೈ.

ನಿನ್ನೆ ಬೆರಳಚ್ಚಿನವರು ಬಂದರು. ಪೆಟ್ಟಿಗೆ ತೆರೆಯುವ ಕೆಲಸವೇ ಬೀಳಲಿಲ್ಲ. ಜೊತೆಗೆ ಬಂದ ಪೊಲೀಸಿನವರು ನನ್ನನ್ನು ನೋಡಿ ಕೇಳಿದರು: "ದೂರು ಕೊಟ್ಟದ್ದೂ ನೀವೇ, ತೊಳ್ದು ಹಾಕಿದ್ದೂ ನೀವೇನಾ ಟೀಚರ್?"

ಪೇಟೆಯಲ್ಲಿ ಯಾರೋ ಒಬ್ಬ ಕೇಳಿದ್ದಕ್ಕೆ ನಿನ್ನ ಮಾನ ಹೋಯಿತು. ಆ ಮಾನ ಉಳಿಸಲು ತಂಗಿಗೆ ಸುಳ್ಳು ಹೇಳಿ, ಅವಳು ಇಲ್ಲದ ಹೊತ್ತಿನಲ್ಲಿ ಮನೆಗೆ ಕೈ ಹಾಕಿಸಿದೆ. ಆ ಹುಡುಗನನ್ನೂ ಅದಕ್ಕೆ ಬಳಸಿಕೊಂಡೆ. ಇಂಥ ಮಾನ ನಮ್ಮ ಅಪ್ಪನಿಗೆ ಇರಲಿಲ್ಲ.

ದಮಯಂತಿ

~

ಮಂಡೆಕೋಲು
13 ಡಿಸೆಂಬರ್ 2024

ದಮಯಂತಿಗೆ,

ಬೈದು ಮುಗಿಯಿತಾ? ಅಪ್ಪನನ್ನು ಎಳೆದು ತರಬೇಡ. ಅಪ್ಪ ಇದ್ದಿದ್ದರೆ ನೀನು ಒಬ್ಬಳೇ ರಸ್ತೆ ಬದಿಯಲ್ಲಿ ಮನೆ ಕಟ್ಟಿ ಕೂರುತ್ತಿರಲಿಲ್ಲ, ಲಾರಿಯವರ ಮೇಲೆ ಕೇಸು ಹಾಕುತ್ತಿರಲಿಲ್ಲ.

ಒಳ್ಳೆಯದಾಗಲಿ ಎಂದು ಮಾಡಿದ್ದು. ಕಲ್ಲು ಹಾಳಾದರೆ ಗಾರೆ ಮಾಡಿಸಿ ಪೈಂಟ್ ಹೊಡೆಸುವ, ಅದನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ. ಈಗ ಗುರುತೂ ಇಲ್ಲ, ಏನೂ ಇಲ್ಲ. ಗೋಡೆಯ ದೂರನ್ನು ಹಿಂದೆ ತೆಗೆದುಕೊ. ಟಿಪ್ಪರಿನ ಕೇಸು ಬೇಕಾದರೆ ನಡೆಯಲಿ, ನಾನು ಬೇಡ ಎನ್ನುವುದಿಲ್ಲ. ಗೋಡೆಯದ್ದು ಯಾರೋ ಹುಡುಗರು ಬುದ್ಧಿಯಿಲ್ಲದೆ ಮಾಡಿದ್ದು. ಅವರಿಗೂ ಮನೆ ಉಂಟು, ಅಪ್ಪ ಅಮ್ಮ ಉಂಟು. ಒಂದು ಸಲ ಕೋರ್ಟಿನ ಮೆಟ್ಟಿಲು ಹತ್ತಿದರೆ ಮತ್ತೆ ಆ ಹುಡುಗರ ಗತಿ ಏನು ಎಂದು ಯೋಚಿಸಿದ್ದೀಯಾ?

ಆ ತೃಷಾ ಏನು ನಿನ್ನ ಹೊಟ್ಟೆಯಲ್ಲಿ ಹುಟ್ಟಿದವಳಾ? ಮಕ್ಕಳನ್ನು ಹೆತ್ತಿದ್ದರೆ ನಿನಗೆ ಗೊತ್ತಾಗುತ್ತಿತ್ತು.

ಬೋಜಪ್ಪ

~

ಕೊಯಿಲ
3 ಜನವರಿ 2025

ಬೋಜಪ್ಪನವರಿಗೆ,

ನಿನ್ನ ಕೊನೆಯ ಸಾಲಿಗೆ ಉತ್ತರ ಬರೆಯಬಾರದು ಎಂದು ಇಷ್ಟು ದಿನ ಸುಮ್ಮನಿದ್ದೆ. ಇವತ್ತು ಬರೆಯುವುದು ಬೇರೆ ವಿಷಯ.

ನಿನ್ನೆ ಠಾಣೆಗೆ ಕರೆದಿದ್ದರು. ಹಾಲಿನ ಸೊಸೈಟಿಯ ಕ್ಯಾಮರಾದಲ್ಲಿ ಆ ರಾತ್ರಿಯದ್ದು ಸಿಕ್ಕಿದೆ. ಒಂದು ಪಿಕಪ್ ಬಂದು ನಿಲ್ಲುತ್ತದೆ. ಹಿಂದೆ ಕೂತ ಮೂವರು ತಲೆಗೆ ಕಟ್ಟುವ ಬೈರಾಸನ್ನು ಮುಖಕ್ಕೆ ಸುತ್ತಿಕೊಂಡಿದ್ದಾರೆ. ಮುಂದಿನಿಂದ ಒಬ್ಬ ಇಳಿದು ಡ್ರಮ್ಮಿನಿಂದ ಬಕೆಟಿಗೆ ಎಣ್ಣೆ ಬಗ್ಗಿಸುತ್ತಾನೆ. ಅವನ ಬೈರಾಸು ಕುತ್ತಿಗೆಗೆ ಜಾರಿದೆ. ಕೈ ಕೊಳೆಯಾದ್ದರಿಂದ ಮೊಣಕೈಯಿಂದ ಹಣೆಯ ಕೂದಲು ಸರಿಸಿಕೊಳ್ಳುತ್ತಾನೆ. ಮತ್ತೆ ನನ್ನ ಮನೆಯ ಕಡೆಗೆ ಬೆರಳು ತೋರಿಸುತ್ತಾನೆ.

ಪೊಲೀಸಿನವರು ಕೇಳಿದರು: "ಯಾರ್ದಾದ್ರೂ ಗುರ್ತ ಸಿಗ್ತದಾ ಟೀಚರ್?"

"ಸಿಗ್ತದೆ" ಎಂದೆ.

"ಯಾರು?"

"ಹರ್ಷಿತ್. ನನ್ನ ಅಣ್ಣನ ಮಗ."

ಅವರು ಬರೆಯುತ್ತಿದ್ದ ಪೆನ್ನು ನಿಲ್ಲಿಸಿದರು. "ಬೇಕಾದ್ರೆ ನಾಳೆ ಬಂದು ಹೇಳಿ. ಮನೆಯವರ ಹತ್ರ ಒಮ್ಮೆ ಮಾತಾಡಿ." ನಾನು ಬರೆದುಕೊಳ್ಳಿ ಎಂದೆ. ನಾಳೆಯವರೆಗೆ ಬಿಟ್ಟರೆ ನನ್ನಿಂದ ಆಗುತ್ತಿರಲಿಲ್ಲ. ಅವನು ಎರಡು ವರ್ಷದವನಿದ್ದಾಗ ಜ್ವರ ಬಂದು ನನ್ನ ಹೆಗಲಿನಿಂದ ಇಳಿಯದೆ ಮಲಗಿದ್ದವನು. ಅದೆಲ್ಲ ನೆನಪಾಗುವ ಮೊದಲು ಹೇಳಿಬಿಡಬೇಕಿತ್ತು. ಹೇಳಿದೆ.

ಈಗ ನೀನು ನನಗೆ ಒಂದು ಮಾತು ಹೇಳಬೇಕು. ನಿನಗೆ ಯಾವಾಗ ಗೊತ್ತಾಯಿತು? ಕೈ ಗುರುತಿನ ಬಗ್ಗೆ ನಾನು ಬರೆದದ್ದು ನಿನಗೆ ಒಬ್ಬನಿಗೆ. ನಾನು ಅವನ ಕೆಲಸ ಹೋದೀತು ಎಂದು ಹೆದರುತ್ತಿದ್ದೆ. ನೀನು ಅದನ್ನು ಓದಿಕೊಂಡು, ಮಡಚಿಟ್ಟು, ಅವನ ಕೈಯಲ್ಲೇ ಅವನ ಕೈಯನ್ನು ತೊಳೆಸಿದೆ.

ಮಾನ ಉಳಿಸಲು ಮಾಡಿದೆ ಎಂದು ತಿಳಿದಿದ್ದೆನಲ್ಲ. ಅಷ್ಟೇ ಆಗಿದ್ದರೆ ಎಷ್ಟೋ ಒಳ್ಳೆಯದಿತ್ತು.

ದಮಯಂತಿ

~

ಮಂಡೆಕೋಲು
7 ಜನವರಿ 2025

ದಮಯಂತಿ,

ನಿನ್ನೆ ಪೊಲೀಸರು ಅಂಗಳಕ್ಕೆ ಬಂದು ನನ್ನ ಮಗನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಗಂಜಿ ಉಣ್ಣುತ್ತಿದ್ದ, ಕೈ ತೊಳೆಯಲೂ ಬಿಡಲಿಲ್ಲ. ಅವನ ಅಮ್ಮ ಜೀಪಿನ ಹಿಂದೆ ಗೇಟಿನವರೆಗೆ ಓಡಿ ಬಿದ್ದಳು. ನಿನಗೆ ತಣ್ಣಗಾಯಿತಾ?

ಹೌದು, ಗೊತ್ತಿತ್ತು. ಮರುದಿನ ಬೆಳಿಗ್ಗೆಯೇ ಗೊತ್ತಿತ್ತು. ಬಾವಿಯ ಹತ್ತಿರ ಅಂಗಿ ಉಜ್ಜುತ್ತಾ ಕೂತಿದ್ದ. ಎಂತದು ಎಂದು ಕೇಳಿದೆ. ಸರ್ವಿಸಿನ ಎಣ್ಣೆ ಎಂದ. ಕಣ್ಣು ನೋಡಿದೆ. ಮತ್ತೆ ನಿನ್ನ ಫೋನು ಬಂತು. ಎರಡು ಕೆನ್ನೆಗೆ ಬಾರಿಸಿದೆ. "ಧಣಿ ಹೇಳಿದ್ರು, ನಾನು ಎಂತ ಮಾಡುದು? ಇಲ್ಲದ್ರೆ ಕೆಲ್ಸ ಇಲ್ಲ ಅಂದ್ರು" ಎಂದು ಅತ್ತ. ಅಪ್ಪ ಆದವನು ಮತ್ತೆ ಏನು ಮಾಡಬೇಕಿತ್ತು? ಠಾಣೆಗೆ ಕೈ ಹಿಡಿದು ಕರೆದುಕೊಂಡು ಹೋಗಬೇಕಿತ್ತಾ? ನೀನಾಗಿದ್ದರೆ ಹೋಗುತ್ತಿದ್ದೆ. ನಿನ್ನ ಎದೆಯಲ್ಲಿ ಇರುವುದೂ ಕೆಂಪುಕಲ್ಲೇ.

ನಾಳೆ ಬಂದು ಹೇಳಿ ಎಂದು ಪೊಲೀಸರೇ ಹೇಳಿದರಂತೆ. ಪೊಲೀಸರಿಗೆ ಇದ್ದ ಕರುಣೆ ಅತ್ತೆಗೆ ಇರಲಿಲ್ಲ. ಒಂದು ಫೋನು ಮಾಡಿದ್ದರೆ ನಾನು ಓಡಿ ಬಂದು ನಿನ್ನ ಕಾಲು ಹಿಡಿಯುತ್ತಿದ್ದೆ. ಅದಕ್ಕೂ ನೀನು ಬಿಡಲಿಲ್ಲ.

ಇನ್ನು ನನಗೆ ಬರೆಯಬೇಡ. ನನಗೆ ತಂಗಿ ಇಲ್ಲ.

ಬೋಜಪ್ಪ

~

ಕೊಯಿಲ
30 ಜನವರಿ 2025

ಅಣ್ಣನಿಗೆ,

ಬರೆಯಬೇಡ ಎಂದದ್ದಕ್ಕೇ ಬರೆಯುತ್ತಿದ್ದೇನೆ. ನಿನ್ನ ಅಪ್ಪಣೆ ಕೇಳಿ ನಾನು ಯಾವ ಕೆಲಸವನ್ನೂ ಮಾಡಿದವಳಲ್ಲ.

ಹರ್ಷಿತನಿಗೆ ಜಾಮೀನು ಸಿಕ್ಕಿತು ಎಂದು ಕೇಳಿದೆ. ಅವನು ಯಾರೆಂದೇ ಸರಿಯಾಗಿ ಗೊತ್ತಿಲ್ಲ, ದಿನಗೂಲಿಗೆ ಬರುತ್ತಿದ್ದ ಎಂದು ಧಣಿ ಹೇಳಿಕೆ ಕೊಟ್ಟದ್ದೂ ಗೊತ್ತಾಯಿತು. ಆ ಧಣಿಯ ಮೇಲೆ ನಿನಗೆ ಸಿಟ್ಟು ಬರಲಿಲ್ಲ. ಅವನ ಅಂಗಳಕ್ಕೆ ಹೋಗಿ ನೀನು ಕೂಗಾಡಿದ ಸುದ್ದಿ ಇಲ್ಲ. ನಿನ್ನ ಸಿಟ್ಟೆಲ್ಲ ನನಗೆ, ಯಾಕೆಂದರೆ ನನಗೆ ಬೈಯುವುದು ಸುಲಭ.

ಗೋಡೆಯ ಒಂದು ಮೂಲೆಗೆ ಪೈಂಟ್ ಹೊಡೆಸಿ ನೋಡಿದೆ. ವಾರದೊಳಗೆ ಎಣ್ಣೆ ಹಳದಿಯಾಗಿ ಮೇಲೆದ್ದು ಬಂತು. ಗ್ರೈಂಡರ್ ಹಿಡಿದರೆ ಉಳಿದ ಕಲ್ಲೂ ಹುಡಿಯಾಗುತ್ತದೆ. ಮತ್ತೆ ನಾನೇ ಯೋಚನೆ ಮಾಡಿದೆ. ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು. ಒಳಗೆ ಹೋದದ್ದನ್ನು ನೀರು ಹೊಡೆದು ಇನ್ನೂ ಒಳಗೆ ನೂಕುವುದಲ್ಲ, ಹೊರಗೆ ಎಳೆಯಬೇಕು. ಜೇಡಿಮಣ್ಣಿಗೆ ಬಟ್ಟೆ ಸೋಪಿನ ಹುಡಿ ಹಾಕಿ ದಪ್ಪಗೆ ಕಲಸಿ ಒಂದು ಕಲ್ಲಿಗೆ ಮೆತ್ತಿದೆ. ಮಣ್ಣು ಒಣಗುತ್ತಾ ಎಣ್ಣೆ ಹೀರಿತು. ಕೆರೆದು ತೆಗೆದು ಪುನಃ ಮೆತ್ತಿದೆ. ನಾಲ್ಕನೆಯ ಸಲಕ್ಕೆ ಕಲ್ಲಿನ ಕೆಂಪು ಕಂಡಿತು.

ಇದೇ ವಿಧಾನ ಎಂದು ನಿರ್ಧಾರ ಮಾಡಿದ್ದೇನೆ. ಪೊಲೀಸರು ಇನ್ನು ತೊಳೆಯಬಹುದು ಎಂದಿದ್ದಾರೆ. ಶಾಲೆಯಿಂದ ಬಂದ ಮೇಲೆ ಒಂದೊಂದೇ ಕಲ್ಲು. ಮಳೆಗಾಲದೊಳಗೆ ಮುಗಿಯಲಿಕ್ಕಿಲ್ಲ. ಆದರೂ ಸರಿ. ಗಾರೆ ಹಾಕಿ ಮುಚ್ಚುವ ನಿನ್ನ ಉಪಕಾರ ಬೇಡ.

ಅತ್ತಿಗೆಗೆ ಬಿದ್ದದ್ದರಲ್ಲಿ ಪೆಟ್ಟಾಯಿತಾ?

ದಮಯಂತಿ

~

ಮಂಡೆಕೋಲು
11 ಮಾರ್ಚ್ 2025

ದಮಯಂತಿಗೆ,

ಹರ್ಷಿತ್ ಅಲ್ಲಿಗೆ ಬಂದಿದ್ದಾನಾ? ನಿನ್ನೆ ಬೆಳಿಗ್ಗೆ ಹೊರಟವನು ಬರಲಿಲ್ಲ. ಬೈಕು ಇಲ್ಲೇ ಉಂಟು, ಫೋನು ಮನೆಯಲ್ಲೇ ಬಿಟ್ಟಿದ್ದಾನೆ. ಜೈಲಿನಿಂದ ಬಂದ ಮೇಲೆ ಯಾರ ಹತ್ತಿರವೂ ಮಾತಿಲ್ಲ. ಕರೆದಿದ್ದ ಒಂದೆರಡು ಕೆಲಸಕ್ಕೂ ಹೋಗಲಿಲ್ಲ. ಇವಳು ಬಾವಿಗೆ ಇಣುಕಿ ಇಣುಕಿ ನೋಡುತ್ತಿದ್ದಾಳೆ.

ಸಾಕ್ಷಿಯ ಮನೆಯ ಕಡೆ ತಲೆ ಹಾಕಬಾರದು ಎಂದು ವಕೀಲರು ಹೇಳಿದ್ದರು. ನಿನಗೆ ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತಿದ್ದೇನೆ. ಬಂದಿದ್ದರೆ ಒಂದು ಮಾತು ತಿಳಿಸು. ಬಂದಿಲ್ಲವಾದರೂ ತಿಳಿಸು.

ಅತ್ತಿಗೆಗೆ ಮೊಣಕಾಲಿಗೆ ಪೆಟ್ಟಾಗಿತ್ತು. ಈಗ ನಡೆಯುತ್ತಾಳೆ.

ಬೋಜಪ್ಪ

~

ಕೊಯಿಲ
13 ಮಾರ್ಚ್ 2025

ಅಣ್ಣನಿಗೆ,

ಅವನು ಮನೆಯಲ್ಲಿ ಹೇಳಿ ಬಂದಿದ್ದಾನೆ ಎಂದುಕೊಂಡಿದ್ದೆ; ನಿನ್ನ ಪತ್ರ ಓದಿದ ಕೂಡಲೇ ಅತ್ತಿಗೆಗೆ ಫೋನು ಮಾಡಿ ಹೇಳಿದ್ದೇನೆ. ಬಾವಿಯ ಹತ್ತಿರ ಹೋಗುವುದು ಬೇಡ ಎಂದಿದ್ದೇನೆ. ಅವನು ಇಲ್ಲಿದ್ದಾನೆ.

ಸೋಮವಾರ ನಾನು ಶಾಲೆಯಿಂದ ಬರುವಾಗ ಅಂಗಳದ ಹೊರಗೆ ನಿಂತಿದ್ದ. ಗಡ್ಡ ಬಿಟ್ಟಿದ್ದಾನೆ, ತೆಳ್ಳಗಾಗಿದ್ದಾನೆ. ಯೂಸುಫ್ ಅವನಿಗೂ ನನ್ನ ಬಾಗಿಲಿಗೂ ನಡುವೆ ಕುರ್ಚಿ ಹಾಕಿ ಕೂತಿದ್ದ. ನಾನು ಎಂತ ಬೇಕು ಎಂದು ಕೇಳಿದೆ.

"ಗೋಡೆ" ಎಂದ. ಮತ್ತೆ ಖಾಲಿ ಕೈ ತೋರಿಸಿ, "ಮೆಶಿನು ತರ್ಲಿಲ್ಲ ಅತ್ತೆ."

ನನಗೆ ಕೈಯಲ್ಲಿದ್ದ ಕೊಡೆಯಿಂದ ಹೊಡೆಯಬೇಕು ಎನಿಸಿತು. ಹೊಡೆಯಲಿಲ್ಲ. ಕೇಳಿದೆ: "ಆ ದಿನ ಅವರಿಗೆ ನನ್ನ ಮನೆ ತೋರಿಸಿಕೊಟ್ಟದ್ದು ಯಾರು?"

"ನಾನು."

"ಕಿಟಕಿಗೆ ಕೈ ಇಟ್ಟದ್ದು?"

"ನಾನೇ. ನೀವು ಒಳಗೆ ಮಲಗಿದ್ದೀರಾ ಅಂತ ನೋಡ್ಲಿಕ್ಕೆ. ಅವ್ರು ಕಿಟಕಿಯೊಳಗೂ ಎರಚುವ ಅಂತಿದ್ರು. ಬೇಡ ಅಂತ ತಡೆದೆ."

ತಡೆದದ್ದನ್ನು ದೊಡ್ಡ ಉಪಕಾರವೆಂದು ಹೇಳಲಿಲ್ಲ, ಅದಕ್ಕೇ ನಂಬಿದೆ. ಆದರೂ ಅಣ್ಣ, ಅಲ್ಲಿ ನಿಂತು ನನ್ನ ಉಸಿರು ಕೇಳಿಯೂ ಅವನು ಬಕೆಟು ಎತ್ತಿದ್ದಾನೆ. ಅದು ನನಗೆ ಕ್ಷಮಿಸಲು ಬರುವುದಿಲ್ಲ. ಅವನಿಗೇ ಹಾಗೆಂದು ಹೇಳಿದೆ. ಹೌದೆಂದು ತಲೆ ಅಲ್ಲಾಡಿಸಿದ.

ಠಾಣೆಗೆ ನಾನೇ ಫೋನು ಮಾಡಿದೆ. ಇವನು ಹೆದರಿಸಲು ಬಂದವನಲ್ಲ, ಗೋಡೆ ಕೆಲಸಕ್ಕೆ ಬಂದವನು ಎಂದೆ. ಯಾರಾದರೂ ಜೊತೆಗಿರಲಿ ಎಂದರು. ರಾತ್ರಿ ಯೂಸುಫನ ಮನೆಯ ಚಾವಡಿಯಲ್ಲಿ ಮಲಗುತ್ತಾನೆ. ಹಗಲು ಜೇಡಿಮಣ್ಣು ಕಲಸಿ ಮೆತ್ತುತ್ತಾನೆ, ಒಣಗಿದ್ದನ್ನು ಕೆರೆಯುತ್ತಾನೆ. ಬೆರಳುಗಳ ತುದಿ ಸುಲಿದಿದೆ. ಬಸ್ಸಿನವರು ನೋಡುತ್ತಾರೆ. ಇವತ್ತು ತೃಷಾ ಕೋಲು ಊರಿಕೊಂಡು ಪರೀಕ್ಷೆಗೆ ಹೋಗುವಾಗ ಗೇಟಿನಲ್ಲಿ ನಿಂತು ನೋಡಿದಳು. ಅವಳು ಯಾರೆಂದು ಇವನಿಗೆ ತಿಳಿಯಿತು. ಮುಖ ತಿರುಗಿಸಲಿಲ್ಲ, ಕೈಯ ಮಣ್ಣು ಹಾಗೆಯೇ ಹಿಡಿದು ಅವಳು ಹೋಗುವವರೆಗೆ ನಿಂತ.

ನಿನ್ನೆ ರಾತ್ರಿ ಊಟಕ್ಕೆ ಒಳಗೆ ಕರೆದೆ. ಬರಲಿಲ್ಲ. ಜಗಲಿಯಲ್ಲಿ ಬಡಿಸಿದೆ. ಅನ್ನ ಕಲಸುತ್ತಾ ಕೇಳಿದ: "ಅತ್ತೆ, ಕೋರ್ಟಿನಲ್ಲಿ ನನ್ನ ಹೆಸ್ರು ಹೇಳ್ತೀರಾ?"

"ಹೇಳ್ತೇನೆ."

"ಹೇಳಿ. ಧಣಿಯ ಹೆಸ್ರು ನಾನು ಹೇಳ್ತೇನೆ."

ಅವನು ಇದನ್ನು ವಕೀಲರಿಗೆ ಇನ್ನೂ ಹೇಳಿಲ್ಲ. ನಿನಗೆ ಹೇಳಲು ಅವನಿಗೆ ಹೆದರಿಕೆ. ಆದ್ದರಿಂದ ನಾನು ಹೇಳುತ್ತಿದ್ದೇನೆ. ಬೇಡ ಎಂದು ಅವನ ಬಾಯಿ ಮುಚ್ಚಿಸಲು ನೀನು ಈಗಲೇ ಓಡಿ ಬರುತ್ತೀ ಎಂದು ನನಗೆ ಗೊತ್ತು. ಆ ಉದ್ದೇಶಕ್ಕೆ ಬರುವುದಾದರೆ ಗೇಟಿನಿಂದಲೇ ಹಿಂದೆ ಹೋಗು. ಯೂಸುಫನ ಕುರ್ಚಿ ಇನ್ನೂ ಅಲ್ಲೇ ಉಂಟು.

ನನ್ನ ಸಿಟ್ಟು ಒಂದು ಚೂರೂ ಕಡಿಮೆಯಾಗಿಲ್ಲ. ಅವನ ಮೇಲಿನದಕ್ಕಿಂತ ನಿನ್ನ ಮೇಲೆ ಹೆಚ್ಚು. ಸಮಾಧಾನ ಹೇಳಲು ಬರಬೇಡ. ಕೆಲಸಕ್ಕೆ ಬರುವುದಾದರೆ ಹಳೆಯ ಲುಂಗಿ ಉಟ್ಟುಕೊಂಡು ಬಾ. ಮಾಡಿನ ಹತ್ತಿರದ ಕಲ್ಲುಗಳಿಗೆ ಏಣಿ ಇಡಬೇಕು, ಕೆಳಗೆ ಹಿಡಿದುಕೊಳ್ಳಲು ಒಬ್ಬರು ಬೇಕು.

ದಮಯಂತಿ